ಬೆಂಗಳೂರಿನಲ್ಲಿ ಮಾಡಿದ ಬಂಗುಡೆ ಪುಳಿಮುಂಚಿಗೆ ಊರಿನ ರುಚಿ ಏಕೆ ಬರುವುದಿಲ್ಲ?

ಕಾಪು ಕಡೆಯವನು:
ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ಕಳೆದ ಭಾನುವಾರ ಅಮ್ಮನಿಗೆ ಫೋನು ಮಾಡಿ, ಅವರು ಹೇಳಿದ್ದನ್ನೆಲ್ಲ ಹಾಳೆಯ ಮೇಲೆ ಬರೆದುಕೊಂಡು ಬಂಗುಡೆ ಪುಳಿಮುಂಚಿ, ಅಂದರೆ ಹುಣಸೆ ಮತ್ತು ಮೆಣಸಿನ ಮೀನುಸಾರು, ಮಾಡಿದೆ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ, ಚಿಟಿಕೆ ಓಮ, ಬೆಳ್ಳುಳ್ಳಿ, ಹಳೆಯ ಹುಣಸೆ ಎಲ್ಲವೂ ಊರಿನಿಂದಲೇ ಬಂದವು. ಮಣ್ಣಿನ ಪಾತ್ರೆಯೂ ಊರಿನದೇ. ಆದರೂ ಬಾಯಿಗೆ ಇಟ್ಟಾಗ ಮಸಾಲೆ ಒಂದು ದಿಕ್ಕಿಗೆ, ಮೀನು ಇನ್ನೊಂದು ದಿಕ್ಕಿಗೆ ಹೋಯಿತು. ಮಾಂಸ ಹಿಟ್ಟು ಹಿಟ್ಟಾಗಿತ್ತು, ನಡುವಿನ ಕಪ್ಪು ಭಾಗದಲ್ಲಿ ಕರಿದು ಉಳಿದ ಎಣ್ಣೆಯ ವಾಸನೆಯಿತ್ತು. ನನ್ನ ಹೆಂಡತಿ ಮಂಡ್ಯದವಳು. ಒಂದು ತುತ್ತು ತಿಂದು, "ಇದಕ್ಕಾ ನೀವು ಇಷ್ಟು ವರ್ಷ ಕೊರಗಿದ್ದು?" ಎಂದು ಕೇಳಿದಳು. ತಪ್ಪಿದ್ದು ಮಸಾಲೆಯೋ, ಮೀನೋ ಅಥವಾ ನನ್ನ ನಾಲಗೆಯೋ? ತಿಳಿದವರು ದಯವಿಟ್ಟು ಹೇಳಿ.

ಧಕ್ಕೆಯ ಹುಡುಗ:
ಮೀನು ಎಲ್ಲಿಂದ ತಂದಿರಿ ಎಂಬುದನ್ನು ಮೊದಲು ಹೇಳಿ. ಮಸಾಲೆಯ ವಿಚಾರ ಆಮೇಲೆ.

ಕಾಪು ಕಡೆಯವನು:
ಮನೆಯ ಹತ್ತಿರದ ಅಂಗಡಿಯಿಂದ. ಐಸಿನ ಮೇಲೆಯೇ ಇಟ್ಟಿದ್ದರು. ಕಣ್ಣು ಸ್ವಲ್ಪ ಒಳಗೆ ಹೋದಂತಿತ್ತು, ಆದರೆ "ಇವತ್ತು ಬೆಳಿಗ್ಗೆ ಬಂದದ್ದು ಸಾರ್" ಎಂದರು.

ಧಕ್ಕೆಯ ಹುಡುಗ:
ಅವರು ಸುಳ್ಳು ಹೇಳಲಿಲ್ಲ ಮಾರಾಯರೇ. ಲಾರಿ ಬೆಳಿಗ್ಗೆ ಬಂದಿದೆ, ಅಷ್ಟೆ. ಮೀನು ನೀರಿನಿಂದ ಮೇಲೆ ಬಂದದ್ದು ಯಾವಾಗ ಎಂದು ನೀವು ಕೇಳಲೇ ಇಲ್ಲವಲ್ಲ. ನಮ್ಮಲ್ಲಿ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಸಾಮಾನ್ಯವಾಗಿ ಬೆಳಗಿನ ಜಾವ ಹೋಗಿ ಅದೇ ದಿನ ಹಿಂದಿರುಗುತ್ತದೆ, ಬಲೆ ಎಳೆಯುತ್ತ ದೂರ ಹೋಗುವ ಟ್ರಾಲ್ ಬೋಟು ವಾರಕ್ಕೂ ಮಿಕ್ಕಿ ಸಮುದ್ರದಲ್ಲಿರುತ್ತದೆ. ಎರಡರ ಬಂಗುಡೆಯೂ ಒಂದೇ ಧಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆ), ಒಂದೇ ಬಣ್ಣದ ಬುಟ್ಟಿಯಲ್ಲಿ ಏಲಂ ಆಗುತ್ತದೆ. ನಾವು ಮನೆಗೆ ಒಯ್ಯುವಾಗ ನೋಡುವ ಗುರುತು ಸುಲಭದ್ದು. ತಲೆಯನ್ನು ಹಿಡಿದು ಮೀನನ್ನು ಅಡ್ಡಕ್ಕೆ ಎತ್ತಿದರೆ ಬಾಲ ಜೋಲಬಾರದು, ಕೋಲಿನಂತೆ ನಿಲ್ಲಬೇಕು. ಹಸಿರು ನೀಲಿ ಬೆನ್ನಿನ ಮೇಲಿನ ಗೆರೆಗಳ ಕೆಳಗೆ ಒಂದು ಬಗೆಯ ಚಿನ್ನದ ಹೊಳಪು ಇರುತ್ತದೆ. ಅದು ಮೊದಲು ಹೋಗುತ್ತದೆ, ಕಣ್ಣು ಆಮೇಲೆ ಮಂಕಾಗುತ್ತದೆ, ಹೊಟ್ಟೆ ಕೊನೆಗೆ ಒಡೆಯುತ್ತದೆ. ನಿಮಗೆ ಸಿಕ್ಕಿದ್ದು ಎರಡನೆಯ ಹಂತ ದಾಟಿದ ಮೀನು.

ಕುಂದಾಪ್ರದ ಅಕ್ಕ:
ಎಲ್ಲವನ್ನೂ ಮೀನಿನ ತಲೆಗೆ ಕಟ್ಟುವುದು ಸರಿಯಲ್ಲ. ತಮ್ಮಾ, ನೀವು ಮೀನನ್ನು ಎಷ್ಟು ಹೊತ್ತು ಕುದಿಸಿದಿರಿ? ಮಾಂಸ ಹಿಟ್ಟಾಯಿತು ಎಂದು ನೀವೇ ಬರೆದಿದ್ದೀರಿ. ಹುಣಸೆಯೂ ಮೆಣಸೂ ಹಸಿ ವಾಸನೆ ಹೋಗುವ ತನಕ, ಎಣ್ಣೆ ಅಂಚಿಗೆ ಬರುವ ತನಕ ಮೀನಿಲ್ಲದೆ ಕುದಿಯಬೇಕು. ಮೀನು ಹಾಕಿದ ಮೇಲೆ ಏಳೆಂಟು ನಿಮಿಷ ಸಾಕು. ಹಾಕಿದ ಮೇಲೆ ಸೌಟು ಮುಟ್ಟಬಾರದು, ಪಾತ್ರೆಯ ಎರಡು ಅಂಚನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಬೇಕು. ನಮ್ಮ ಅತ್ತೆ ಒಲೆ ಆರಿಸಿದ ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ ಸುರಿದು ಮುಚ್ಚುತ್ತಿದ್ದರು, ರಾತ್ರಿ ಮಾಡಿದ್ದನ್ನು ಮರುದಿನ ಬೆಳಿಗ್ಗೆ ಗಂಜಿಗೆ ಬಡಿಸುತ್ತಿದ್ದರು. ಮಾಡಿದ ಕೂಡಲೇ ತಿಂದು ರುಚಿಯಿಲ್ಲ ಎನ್ನುವವರಿಗೆ ನಾನು ಏನು ಹೇಳಲಿ?

ಕಾಪು ಕಡೆಯವನು:
ಅಕ್ಕಾ, ಇಪ್ಪತ್ತೈದು ನಿಮಿಷ ಕುದಿಸಿದ್ದೆ. ಅಮ್ಮ "ಚೆನ್ನಾಗಿ ಕುದಿಸು" ಎಂದಿದ್ದರು. ಅದು ಮಸಾಲೆಯ ಬಗ್ಗೆ ಹೇಳಿದ ಮಾತು ಎಂದು ಈಗ ಅರ್ಥವಾಗುತ್ತಿದೆ.

ಮೀನು ಓದಿದವಳು:
ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ಬಂಗುಡೆ ಒಂದೆಡೆ ನಿಲ್ಲುವ ಮೀನಲ್ಲ. ಹಿಂಡಾಗಿ, ಬಾಯಿ ತೆರೆದುಕೊಂಡು, ಕಿವಿರಿನ ಜರಡಿಯಲ್ಲಿ ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಸೋಸುತ್ತ ಸದಾ ಈಜುತ್ತಿರುತ್ತದೆ. ಹಾಗೆ ಬಿಡುವಿಲ್ಲದೆ ದುಡಿಯುವ ಸ್ನಾಯುವಿಗೆ ಆಮ್ಲಜನಕ ಬೇಕು. ಅದನ್ನು ಹಿಡಿದಿಡುವ ಕೆಂಪು ದ್ರವ್ಯವೂ ಕೊಬ್ಬೂ ಎರಡು ಪಕ್ಕಗಳ ನಡುಗೆರೆಯಲ್ಲಿ ಹೆಚ್ಚಾಗಿರುವುದರಿಂದ ಆ ಪಟ್ಟಿ ಕಪ್ಪಗೆ ಕಾಣುತ್ತದೆ. ಬಂಗುಡೆಗೆ ಬಂಗುಡೆಯ ರುಚಿ ಕೊಡುವುದು ಆ ಪಟ್ಟಿಯೇ, ಮೊದಲು ಕೆಡುವುದೂ ಅದೇ. ಆ ಕೊಬ್ಬು ಗಾಳಿ ತಾಗಿದರೆ ಬೇಗ ಕಮಟುತ್ತದೆ, ಫ್ರೀಜರಿನಲ್ಲಿ ಇಟ್ಟರೂ ಕಮಟುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ನೀವು ಹೇಳಿದ "ಕರಿದು ಉಳಿದ ಎಣ್ಣೆಯ ವಾಸನೆ" ಅದೇ ಇರಬೇಕು.

ಇನ್ನು ಹುಣಸೆಯ ವಿಚಾರ. ಮೀನು ಹಳತಾದಂತೆ ಬರುವ ನಾತಕ್ಕೆ ಮುಖ್ಯ ಕಾರಣ ಟ್ರೈಮಿಥೈಲಮೀನ್ ಎಂಬ ವಸ್ತು. ಹುಳಿ ಅದನ್ನು ಕಟ್ಟಿಹಾಕುತ್ತದೆ, ಗಾಳಿಗೆ ಏಳಲು ಬಿಡುವುದಿಲ್ಲ. ಬಂಗುಡೆ ಎಲ್ಲಿ ಬೇಯುತ್ತದೆಯೋ ಅಲ್ಲೆಲ್ಲ ಹುಣಸೆ, ಮುರುಗಲು, ಉಪ್ಪಾಗೆ, ಅಂಬಟೆ, ಬಿಂಬುಳಿ, ಮಾವಿನಕಾಯಿ, ವಿನೆಗರ್ ಇವುಗಳಲ್ಲಿ ಯಾವುದಾದರೊಂದು ಜೊತೆಗಿರುವುದು ಸುಮ್ಮನೆ ಅಲ್ಲ. ಆದರೆ ಕಮಟಿದ ಕೊಬ್ಬಿಗೆ ಹುಳಿಯಿಂದ ಪರಿಹಾರವಿಲ್ಲ. ಅಕ್ಕ ಹೇಳಿದ್ದೂ ನಿಜ, ಧಕ್ಕೆಯವರು ಹೇಳಿದ್ದೂ ನಿಜ.

ಮೈಸೂರಿನ ಮೀನುಪ್ರಿಯ:
ಹಾಗಿದ್ದರೆ ಇಷ್ಟೆಲ್ಲ ಕಷ್ಟ ಏಕೆ? ನಮ್ಮಲ್ಲಿ ಕೆರೆಯ ಕಾಟ್ಲಾ ಜೀವಂತ ಸಿಗುತ್ತದೆ. ಅದಕ್ಕೇ ಪುಳಿಮುಂಚಿ ಮಸಾಲೆ ಹಾಕಿದರೆ ಮುಗಿಯಿತಲ್ಲ.

ಧಕ್ಕೆಯ ಹುಡುಗ:
ಹಾಕಬಹುದು. ಬೆಣ್ಣೆಯ ಬದಲು ಮಜ್ಜಿಗೆ ಕಾಯಿಸಿ ತುಪ್ಪಕ್ಕೆ ಕಾದು ಕುಳಿತುಕೊಳ್ಳಲೂಬಹುದು.

ಕಾಳಿ ನದಿಯ ಬದಿಯವಳು:
ಕಾರವಾರದಿಂದ ಬರೆಯುತ್ತಿದ್ದೇನೆ. ಪುಳಿಮುಂಚಿಯೊಂದೇ ಬಂಗುಡೆಯ ಅಡುಗೆ ಎಂಬಂತೆ ಚರ್ಚೆ ನಡೆದಿರುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಒಂದು ಹಿಡಿ ಮೆಣಸು ಅರೆದು ಹಾಕಿದ ಮೇಲೆ ಅದು ಬಂಗುಡೆಯೋ ಬೂತಾಯಿ ಮೀನೋ ಎಂದು ಯಾರಿಗೆ ತಿಳಿಯುತ್ತದೆ? ನಮ್ಮ ಮನೆಯಲ್ಲಿ ತಾಜಾ ಬಾಂಗಡೆ ಬಂದ ದಿನ ತೆಂಗಿನಕಾಯಿ, ನಾಲ್ಕು ಮೆಣಸು, ಸ್ವಲ್ಪ ಅರಿಶಿನ ನುಣ್ಣಗೆ ಅರೆದು, ಮುರುಗಲಿನ ಸಿಪ್ಪೆ ನಾಲ್ಕೈದು ಹಾಕಿ, ಕೊನೆಯಲ್ಲಿ ಏಳೆಂಟು ತಿರಫಳ (ಘಮಘಮಿಸುವ ಸಣ್ಣ ಸಾಂಬಾರ ಕಾಯಿ, ತ್ರಿಫಲಾ ಅಲ್ಲ) ಜಜ್ಜಿ ಹಾಕುತ್ತೇವೆ. ತಿರಫಳದ ಒಳಗಿನ ಕರಿ ಬೀಜವನ್ನು ತೆಗೆದು ಬಿಸಾಡಬೇಕು, ಸಿಪ್ಪೆಯೇ ಮುಖ್ಯ. ನಾಲಗೆಯ ತುದಿ ಒಂದು ಕ್ಷಣ ಜುಮ್ಮೆನ್ನುತ್ತದೆ, ಆ ಜುಮ್ಮಿನ ನಡುವೆ ಮೀನಿನ ಕೊಬ್ಬು ಸಿಹಿಯಾಗಿ ಹತ್ತುತ್ತದೆ. ಉದ್ದು ಮತ್ತು ಮೆಂತೆ ಹುರಿದು ಅರೆದು ಮಾಡುವ ಉಡ್ಡಮೇಥಿ ಇನ್ನೊಂದು ಬಗೆ. ಗೋವೆಯ ಕಡೆ ಬೆನ್ನಿನ ಎರಡೂ ಬದಿ ಸೀಳಿ, ವಿನೆಗರಿನಲ್ಲಿ ಅರೆದ ಕೆಂಪು ಮಸಾಲೆ ತುಂಬಿ ಹುರಿಯುತ್ತಾರೆ.

ಅಜ್ಜ ರಂಪಣಿ ಎಳೆಯುತ್ತಿದ್ದವರು. ದಂಡೆಯಿಂದ ನೂರಕ್ಕೆ ಹತ್ತಿರ ಜನ ಸೇರಿ ಎಳೆಯುವ ಆ ಬಲೆಯಲ್ಲಿ ಬಾಂಗಡೆ ಮರಳಿನ ಮೇಲೆ ಬಂದು ಬೀಳುವಾಗ ಇನ್ನೂ ಕುಣಿಯುತ್ತಿತ್ತು ಎನ್ನುತ್ತಿದ್ದರು. ತೆಂಗಿನ ಗರಿಯ ಬೆಂಕಿಯಲ್ಲಿ, ಹೊಟ್ಟೆಯನ್ನೂ ತೆಗೆಯದೆ, ಉಪ್ಪುನೀರಿನಲ್ಲಿ ಅದ್ದಿ ಅಲ್ಲೇ ಸುಡುತ್ತಿದ್ದರಂತೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂದ ಮೇಲೆ ರಂಪಣಿಯ ಕಾಲ ಮುಗಿಯುತ್ತ ಬಂತು. ಹಿಂಡು ದಂಡೆಗೆ ಬರುವ ಮೊದಲೇ ಸಮುದ್ರದಲ್ಲೇ ಸುತ್ತುವರಿದು ಎತ್ತುತ್ತಾರೆ, ಮತ್ತೆ ದಂಡೆಗೆ ಬರುವುದೇನು?

ಧಕ್ಕೆಯ ಹುಡುಗ:
ಕಾರವಾರದ ಅಕ್ಕ ಪರ್ಸೀನಿನ ಮೇಲೆ ಹರಿಹಾಯ್ದರು. ನಾನು ಅದೇ ಬೋಟಿನ ಅನ್ನ ಉಂಡವನು, ಉತ್ತರ ಕೊಡದೆ ಸುಮ್ಮನಿರುತ್ತೇನೆ. ಆದರೆ ಮೆಣಸು ಹಾಕಿದರೆ ಬಂಗುಡೆ, ಬೂತಾಯಿ ಒಂದೇ ಎಂಬ ಮಾತನ್ನು ಒಪ್ಪಲಾರೆ. ಕಣ್ಣು ಕಟ್ಟಿ ಬಡಿಸಿ, ಹೇಳುತ್ತೇನೆ.

ಕುಂದಾಪ್ರದ ಅಕ್ಕ:
ತೆಂಗಿನಕಾಯಿ ಹಾಕಿದರೆ ಅದು ಗಸಿ. ಗಸಿಯೂ ಒಳ್ಳೆಯದೇ, ನಾನೇನು ಬೇಡ ಎನ್ನುವುದಿಲ್ಲ. ಆದರೆ ಬಂಗುಡೆಗೆ ತನ್ನದೇ ಕೊಬ್ಬಿದೆ, ಅದರ ಮೇಲೆ ಕಾಯಿಯ ಕೊಬ್ಬು ಸುರಿದರೆ ಎರಡನೆಯ ತುತ್ತಿಗೆ ಬಾಯಿ ಕಟ್ಟುತ್ತದೆ. ಕಾಯಿ ಬೇಕಾದದ್ದು ಕಾಣೆ, ಕೊಡ್ಡಾಯಿ ಮೀನುಗಳಿಗೆ.

ಕಾಳಿ ನದಿಯ ಬದಿಯವಳು:
ಮುರುಗಲು ಸರಿಯಾಗಿ ಹಾಕದವರಿಗೆ ಬಾಯಿ ಕಟ್ಟುತ್ತದೆ.

ಕಾಲುವೆಯ ದೇಶದವನು:
ನೆದರ್ಲೆಂಡಿನಲ್ಲಿದ್ದೇನೆ, ಮೂಲ ಸುರತ್ಕಲ್. ಬಂಗುಡೆಗೆ ಇಂಗ್ಲಿಷಿನಲ್ಲಿ ಇಂಡಿಯನ್ ಮ್ಯಾಕೆರಲ್ ಎನ್ನುತ್ತಾರಾದರೂ ಇಲ್ಲಿ ಸಿಗುವ ಮಕ್ರೀಲ್ (ಮ್ಯಾಕೆರಲ್) ನಮ್ಮ ಬಂಗುಡೆಯಲ್ಲ, ಒಂದೇ ಕುಟುಂಬದ ಬೇರೆ ಮೀನು. ನಮ್ಮದರ ಬೆನ್ನಿನಲ್ಲಿ ಉದ್ದುದ್ದ ಗೆರೆ, ಇದರ ಬೆನ್ನಿನಲ್ಲಿ ಅಲೆಯಂತೆ ಅಡ್ಡಪಟ್ಟೆ. ಶರತ್ಕಾಲದಲ್ಲಿ ಹಿಡಿದದ್ದರಲ್ಲಿ ತೂಕದ ಕಾಲು ಭಾಗದಷ್ಟು ಕೊಬ್ಬೇ ಇರುವುದುಂಟು. ಮೊದಲ ವರ್ಷ ಇದರಲ್ಲಿ ಪುಳಿಮುಂಚಿ ಮಾಡಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ತೆಗೆದು ಸೋತೆ. ಸಂತೆಯಲ್ಲಿ ಹೊಗೆಯಲ್ಲಿ ಬೇಯಿಸಿದ ಇಡೀ ಮೀನನ್ನು ಮಾರುತ್ತಾರೆ, ಚರ್ಮ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ, ಕೈಯಲ್ಲೇ ಬಿಡಿಸಿ ಬ್ರೆಡ್ಡಿನ ಮೇಲೆ ಇಟ್ಟು ತಿನ್ನುತ್ತಾರೆ. ನಾನು ಅದನ್ನು ಬಿಡಿಸಿ, ಸುಟ್ಟ ಒಣಮೆಣಸು, ಈರುಳ್ಳಿ, ಹುಣಸೆರಸ, ತೆಂಗಿನತುರಿ ಸೇರಿಸಿ ಕಲಸಿ ಅನ್ನದ ಬದಿಗೆ ಇಟ್ಟುಕೊಳ್ಳುತ್ತೇನೆ. ಕಣ್ಣು ಮುಚ್ಚಿದರೆ ಒಣಬಂಗುಡೆ ಚಟ್ನಿಯ ದೂರದ ನೆಂಟ. ಜಪಾನಿನ ಸಹೋದ್ಯೋಗಿಯೊಬ್ಬರು ಇದೇ ಜಾತಿಯ ಮೀನನ್ನು ಉಪ್ಪಿನಲ್ಲಿ ಮುಚ್ಚಿಟ್ಟು, ಆಮೇಲೆ ಅಕ್ಕಿಯ ವಿನೆಗರಿನಲ್ಲಿ ನೆನೆಸಿ, ಬೇಯಿಸದೆಯೇ ಹೋಳು ಮಾಡಿ ಬಡಿಸಿದರು. ಶಿಮೆ ಸಾಬಾ ಎನ್ನುತ್ತಾರೆ. ಅಲ್ಲಿಯೂ ಹುಳಿಯೇ, ನೋಡಿ!

ಹೊಸ ಅಮ್ಮನಾಗುವವಳು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಗರ್ಭಿಣಿಯರು ಮ್ಯಾಕೆರಲ್ ತಿನ್ನಬಾರದು, ಅದರಲ್ಲಿ ಪಾದರಸ ಹೆಚ್ಚು ಎಂದು ಅಮೆರಿಕದ ಪಟ್ಟಿಯೊಂದರಲ್ಲಿ ಓದಿ ಮೂರು ತಿಂಗಳಿಂದ ಬಂಗುಡೆ ಬಿಟ್ಟಿದ್ದೇನೆ. ನಿಜವೇ?

ಮೀನು ಓದಿದವಳು:
ಆ ಪಟ್ಟಿಯಲ್ಲಿ ಬಿಡಬೇಕೆಂದು ಹೇಳಿರುವುದು ಕಿಂಗ್ ಮ್ಯಾಕೆರಲ್ ಎಂಬ ಮೀನನ್ನು. ಅದು ಗಾತ್ರದಲ್ಲಿಯೂ ಸ್ವಭಾವದಲ್ಲಿಯೂ ನಮ್ಮ ಅಂಜಲ್ ಮೀನಿನ ಹತ್ತಿರದ ಸಂಬಂಧಿ, ಇತರ ಮೀನುಗಳನ್ನು ತಿಂದು ಬದುಕುವಂಥದ್ದು. ಅದೇ ಪಟ್ಟಿ ಅಟ್ಲಾಂಟಿಕಿನ ಸಣ್ಣ ಮ್ಯಾಕೆರಲನ್ನು ಒಳ್ಳೆಯ ಆಯ್ಕೆಗಳ ಸಾಲಿನಲ್ಲಿಟ್ಟಿದೆ. ದೊಡ್ಡ ಮೀನು ಸಣ್ಣ ಮೀನನ್ನು ತಿಂದಂತೆ ಪಾದರಸ ಮೇಲಕ್ಕೆ ಸೇರುತ್ತ ಹೋಗುತ್ತದೆ. ಪ್ಲವಕ ಸೋಸಿ ತಿನ್ನುವ, ಒಂದು ಗೇಣು ಉದ್ದದ ಬಂಗುಡೆಯಲ್ಲಿ ಅಷ್ಟು ಸೇರಲು ಅವಕಾಶ ಕಡಿಮೆ. ಹೆಸರಿನ ಗೊಂದಲದಿಂದ ಬಂದ ಭಯವಿದು. ಆದರೂ ನಿಮ್ಮನ್ನು ನೋಡುತ್ತಿರುವ ವೈದ್ಯರನ್ನು, "ಮ್ಯಾಕೆರಲ್" ಎನ್ನದೆ "ಬಂಗುಡೆ" ಎಂದೇ ಹೇಳಿ ಕೇಳಿರಿ.

ಘಟ್ಟದ ಮೇಲಿನವನು:
ಒಣಬಂಗುಡೆಯ ಹೆಸರು ಬಂದದ್ದರಿಂದ ಬರೆಯುತ್ತೇನೆ. ತೀರ್ಥಹಳ್ಳಿಯ ಕಡೆಯವರಾದ ನಮಗೆ ಚಿಕ್ಕಂದಿನಲ್ಲಿ ಬಂಗುಡೆ ಎಂದರೆ ಒಣಗಿದ್ದೇ. ಮಳೆಗಾಲಕ್ಕೆ ಮೊದಲು ಸಂತೆಯಿಂದ ತಂದು, ಅಡಿಕೆ ಹಾಳೆಯಲ್ಲಿ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಜಡಿಮಳೆಯ ದಿನ ಒಂದನ್ನು ಕೆಂಡದ ಮೇಲೆ ಹಾಕಿದರೆ ಮೊದಲು ಉಪ್ಪು ಬಿಳಿಯಾಗಿ ಮೇಲೇಳುತ್ತದೆ, ಆಮೇಲೆ ಹೊಟ್ಟೆಯ ಬದಿಯಿಂದ ಒಂದೆರಡು ಹನಿ ಎಣ್ಣೆ ಕೆಂಡಕ್ಕೆ ಬಿದ್ದು ಚುರ್ ಎನ್ನುತ್ತದೆ, ಆಗ ತಿರುಗಿಸಬೇಕು. ಹಲಸಿನ ಬೀಜದ ಜೊತೆ ಸಾರು ಮಾಡಿದರೆ ಬೀಜವೇ ಮೀನಿನ ರುಚಿಯನ್ನು ಕುಡಿದುಬಿಡುತ್ತದೆ. ನಾವು ಮಕ್ಕಳು ಬೀಜಕ್ಕಾಗಿ ಜಗಳವಾಡುತ್ತಿದ್ದೆವು, ಮೀನಿಗಾಗಿ ಅಲ್ಲ. ಮದುವೆಯಾಗಿ ಉಡುಪಿಗೆ ಹೋದ ಅಕ್ಕನ ಮನೆಯಲ್ಲಿ ಮೊದಲ ಬಾರಿ ಹಸಿ ಬಂಗುಡೆ ತಿಂದಾಗ, "ಇದಕ್ಕೆ ಉಪ್ಪೇ ಇಲ್ಲ" ಎಂದು ಹೇಳಿ ಮರ್ಯಾದೆ ಕಳೆದುಕೊಂಡೆ. ಈಗಲೂ ಕೇಳಿದರೆ ಒಣಗಿದ್ದೇ ಮೇಲು ಎನ್ನುತ್ತೇನೆ.

ಮೈಸೂರಿನ ಮೀನುಪ್ರಿಯ:
ಒಣಮೀನು ಸುಟ್ಟರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಭೆ ಕರೆಯುತ್ತಾರೆ. ಕಳೆದ ಬಾರಿ ಮೂರನೆಯ ಮಹಡಿಯವರ ಬೆಕ್ಕು ನಮ್ಮ ಬಾಲ್ಕನಿಗೆ ಬಂದು ಕುಳಿತಿತ್ತು. ಆ ಬೆಕ್ಕಿನ ಕಥೆ ಇನ್ನೂ ಇದೆ.

ನಿರ್ವಾಹಕ:
ಬೆಕ್ಕಿಗೆ ಬೇರೆ ಚರ್ಚೆ ತೆರೆಯಬೇಕಾಗಿ ವಿನಂತಿ.

ಸಣ್ಣ ಬಂಗುಡೆಯ ಪಕ್ಷದವನು:
ಎಲ್ಲರೂ ದಪ್ಪ ಬಂಗುಡೆಯ ಬಗ್ಗೆಯೇ ಮಾತನಾಡುತ್ತಿದ್ದೀರಿ. ಬೆರಳುದ್ದದ ಮರಿ ಬಂಗುಡೆಗೆ ಉಪ್ಪು, ಮೆಣಸಿನಪುಡಿ, ನಿಂಬೆರಸ ಹಚ್ಚಿ, ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಕರಿದರೆ ಮುಳ್ಳು ಸಹಿತ ಕಡಿದು ತಿನ್ನಬಹುದು. ದೊಡ್ಡದರಲ್ಲಿ ಆ ಸುಖವಿಲ್ಲ.

ಮೀನು ಓದಿದವಳು:
ದಯವಿಟ್ಟು ಅದನ್ನು ಹೊಗಳಬೇಡಿ. ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಮೊಗೆದು ತಂದರೆ ಮುಂದಿನ ವರ್ಷ ದಪ್ಪ ಬಂಗುಡೆ ಎಲ್ಲಿಂದ ಬರಬೇಕು? ಕೇರಳದಲ್ಲಿ 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆಯನ್ನು ಹಿಡಿಯಬಾರದೆಂದು ನಿಯಮವಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ದಡದಲ್ಲಿ ನಿಲ್ಲುವುದೂ ಮೀನು ಮೊಟ್ಟೆಯಿಟ್ಟು ಮರಿ ಬೆಳೆಯಲಿ ಎಂಬ ಕಾರಣಕ್ಕಾಗಿಯೇ.

ಸಣ್ಣ ಬಂಗುಡೆಯ ಪಕ್ಷದವನು:
ನಾನು ಹಿಡಿಯುವವನಲ್ಲ, ಮಾರುಕಟ್ಟೆಗೆ ಬಂದದ್ದನ್ನು ಕೊಳ್ಳುವವನು.

ಧಕ್ಕೆಯ ಹುಡುಗ:
ಕೊಳ್ಳುವವರು ಇರುವ ತನಕ ಹಿಡಿಯುವವರೂ ಇರುತ್ತಾರೆ. ಇದನ್ನು ನಾನೇ ಹೇಳಬೇಕಾಗಿ ಬಂತು, ನೋಡಿ.

ಸ್ಕೂಟರಿನವನು:
ಒಂದು ಎಚ್ಚರಿಕೆಯ ಮಾತು. ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಿನಲ್ಲಿ ಬಂಗುಡೆ ಕೊಂಡು, ಸ್ಕೂಟರಿನ ಸೀಟಿನ ಕೆಳಗಿಟ್ಟು, ಒಂದು ಗೃಹಪ್ರವೇಶಕ್ಕೆ ಹೋಗಿ, ಮಾತಿಗೆ ಸಿಕ್ಕಿ ಮೂರು ಗಂಟೆ ಕಳೆದೆ. ಮನೆಗೆ ಬಂದು ತೊಳೆದು, ಗರಿಗರಿಯಾಗಿ ಹುರಿದು ತಿಂದೆ. ನಾಲಗೆಗೆ ಮೆಣಸಿನದಲ್ಲದ ಒಂದು ಚುರುಕು ತಾಗಿತು. ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ಎದೆಯ ತನಕ ತುರಿಕೆ ಬಂದು, ತಲೆ ಸಿಡಿಯತೊಡಗಿತು. ಮೀನಿನ ಅಲರ್ಜಿ ಎಂದುಕೊಂಡು ಒಂದು ವರ್ಷ ಮೀನನ್ನೇ ಬಿಟ್ಟೆ.

ಮೀನು ಓದಿದವಳು:
ಅದು ಅಲರ್ಜಿಯಾಗಿರಲಿಕ್ಕಿಲ್ಲ. ಬಂಗುಡೆ, ಗೆದರೆ, ಅಂಜಲ್ ಈ ಕುಟುಂಬದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಆದ ಹಿಸ್ಟಮಿನ್ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಕೊಳ್ಳುವಾಗಲೇ ಚೀಲದೊಳಗೆ ಐಸು ಹಾಕಿಸಿಕೊಳ್ಳುವುದೊಂದೇ ದಾರಿ. ಅಕ್ಕ ಹೇಳಿದ ಮರುದಿನದ ಪುಳಿಮುಂಚಿಯನ್ನೂ ಬೆಂಗಳೂರಿನ ಬೇಸಗೆಯಲ್ಲಿ ಆರಿದ ಕೂಡಲೇ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು.

ಕುಂದಾಪ್ರದ ಅಕ್ಕ:
ನಮ್ಮ ಅತ್ತೆಯ ಕಾಲದಲ್ಲಿ ಫ್ರಿಜ್ಜೇ ಇರಲಿಲ್ಲ. ಆದರೆ ರಾತ್ರಿ ಮಲಗುವ ಮೊದಲು ಒಮ್ಮೆ, ಬೆಳಿಗ್ಗೆ ಎದ್ದು ಒಮ್ಮೆ ಕುದಿಸುತ್ತಿದ್ದರು ಎಂಬುದು ನಿಜ.

ಕಾಪು ಕಡೆಯವನು:
ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಈ ಶನಿವಾರ ರಾತ್ರಿ ಊರಿನಿಂದ ಹೊರಟ ಬಸ್ಸಿನಲ್ಲಿ ತಮ್ಮ ಥರ್ಮಕೋಲ್ ಪೆಟ್ಟಿಗೆ ಕಳಿಸಿದ. ಕಿಲೋಗೆ ಆರು ತೂಗುವ ಬಂಗುಡೆ, ಸಂಜೆಯ ಏಲಂನಲ್ಲಿ ತೆಗೆದದ್ದು. ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಐಸು ಇನ್ನೂ ಮುಕ್ಕಾಲು ಪಾಲು ಉಳಿದಿತ್ತು. ಧಕ್ಕೆಯವರು ಹೇಳಿದಂತೆ ತಲೆ ಹಿಡಿದು ಎತ್ತಿದೆ. ಬಾಲ ಸ್ವಲ್ಪವೇ ಬಾಗಿತು. ಮಸಾಲೆಯನ್ನು ಮೀನಿಲ್ಲದೆ ಇಪ್ಪತ್ತು ನಿಮಿಷ, ಮೀನು ಹಾಕಿದ ಮೇಲೆ ಎಂಟೇ ನಿಮಿಷ. ಸೌಟನ್ನು ತೊಳೆದು ಒಳಗಿಟ್ಟುಬಿಟ್ಟೆ, ಕೈ ತಡೆಯದಿದ್ದರೆ ಎಂದು. ಎರಡು ಮೀನನ್ನು ಬರೀ ಉಪ್ಪು, ಅರಿಶಿನ ಹಚ್ಚಿ ಕಾವಲಿಯ ಮೇಲೆ ಹುರಿದೆ.

ಹೆಂಡತಿಗೆ ತಿನ್ನುವ ಕ್ರಮ ತೋರಿಸಿಕೊಡಬೇಕಾಯಿತು. ಕೆರೆಮೀನಿನ ಕವಲು ಮುಳ್ಳಿಗೆ ಹೆದರಿ ಅವಳು ಪ್ರತಿ ತುತ್ತನ್ನೂ ಹಿಂಜುತ್ತಿದ್ದಳು. ನಡುಗೆರೆಯ ಮೇಲೆ ಹೆಬ್ಬೆರಳಿನಿಂದ ತಲೆಯಿಂದ ಬಾಲದವರೆಗೆ ಒತ್ತಿ, ಮೇಲಿನ ಮಾಂಸವನ್ನು ಬೆನ್ನಿನ ಕಡೆಗೊಂದು, ಹೊಟ್ಟೆಯ ಕಡೆಗೊಂದು ಪುಸ್ತಕದ ಹಾಳೆಯಂತೆ ತೆರೆದೆ. ಬಾಲ ಹಿಡಿದು ಎತ್ತಿದಾಗ ಬೆನ್ನುಮೂಳೆ ತಲೆಯ ಸಹಿತ ಒಟ್ಟಿಗೆ ಬಂತು. ನಡುವಿನ ಸಣ್ಣ ಮುಳ್ಳಿನ ಒಂದು ಸಾಲು ಉಳಿದದ್ದನ್ನು ಬೆರಳಿನಲ್ಲೇ ತಡವಿ ತೆಗೆದೆ. ಕಪ್ಪು ಭಾಗವನ್ನು ಅವಳು ತಟ್ಟೆಯ ಅಂಚಿಗೆ ಸರಿಸಿದ್ದಳು. ನಾನು ಕೇಳಿದ ಮೇಲೆ ಒಂದು ಚೂರನ್ನು ಬಾಯಿಗಿಟ್ಟು, ಸ್ವಲ್ಪ ಹೊತ್ತು ಮಾತಾಡದೆ, ಉಳಿದದ್ದನ್ನೂ ತಿಂದಳು.

ಪುಳಿಮುಂಚಿಯನ್ನು ನಾಳೆಗೆ ಇಟ್ಟಿದ್ದೆ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಬೆಳಿಗ್ಗೆ ನೋಡಿದರೆ ಐದು ತುಂಡುಗಳಿದ್ದಲ್ಲಿ ಮೂರಿದ್ದವು.

ಕುಂದಾಪ್ರದ ಅಕ್ಕ:
ಅವಳಿಗೆ ತಲೆಯ ತುಂಡು ಕೊಟ್ಟಿರಾ, ಇಲ್ಲವಾ?

ಕಾಪು ಕಡೆಯವನು:
ತಲೆಯನ್ನು ನಾನು ಮೊದಲೇ ತಿಂದಿದ್ದೆ ಅಕ್ಕಾ.